ಪರಮಪ್ರಸಾದ: ಕಥೋಲಿಕ ಕ್ರೈಸ್ತರ ಶ್ರದ್ಧೆಯಲ್ಲಿ ಮತ್ತು ಬಾಳಿನಲ್ಲಿ

ಕನ್ನಡ ನಾಡಿನ ಕಥೋಲಿಕ ಕ್ರೈಸ್ತರು ತಮ್ಮ ಆರಾಧನೆಯ ಅತ್ಯಂತ ಪವಿತ್ರವಾದ ವಸ್ತುವನ್ನು 'ಪರಮಪ್ರಸಾದ'ವೆಂದು ಕರೆಯುತ್ತಾರೆ. ಗ್ರೀಕ್ ಭಾಷೆಯಲ್ಲಿ ಇದಕ್ಕಿರುವ ಹೆಸರು 'ಯೂಖರಿಸ್ತಿಯ'. ಕೃತಜ್ಞತಾಸ್ತುತಿ ಎಂದು ಅದರ ಅರ್ಥ. ಕನ್ನಡದ ಮಾತು ಆ ಗ್ರೀಕ್ ಶಬ್ದದ ಭಾಷಾಂತರವಲ್ಲ. ಈ ನೆಲದ ಮಠ ಮಂದಿರಗಳಲ್ಲಿ ಶತಮಾನಗಳ ಬಳಕೆಯಿಂದ ಹದಗೊಂಡಿದ್ದ ಶಬ್ದವೊಂದನ್ನು ಎತ್ತಿಕೊಂಡು, ಅದಕ್ಕೆ 'ಪರಮ'ವೆಂಬ ವಿಶೇಷಣವನ್ನು ಕೂಡಿಸಿ ರೂಪಿಸಿಕೊಂಡ ಹೆಸರು ಅದು. ಪ್ರಾಟೆಸ್ಟಂಟ್ ಪಂಥದ ಕನ್ನಡ ಕ್ರೈಸ್ತರು ಇದೇ ಆಚರಣೆಗೆ 'ಕರ್ತನ ಭೋಜನ'ವೆನ್ನುವರು. ಒಂದು ಹೆಸರು ಭೋಜನದ ಕಡೆಗೂ ಇನ್ನೊಂದು ಅನುಗ್ರಹದ ಕಡೆಗೂ ಬೆರಳು ಮಾಡುತ್ತದೆ. ಎರಡು ಪಂಥಗಳ ನಡುವೆ ನಾಲ್ಕು ಶತಮಾನಗಳಿಗೂ ಮಿಕ್ಕಿ ನಡೆದ ವಾದದ ಸಾರವು ಈ ಎರಡು ಕನ್ನಡ ಹೆಸರುಗಳಲ್ಲಿಯೇ ಅಡಗಿದೆ ಎಂದರೆ ತಪ್ಪಾಗದು.

ಪ್ರಸಾದವೆಂದರೆ ಪ್ರಸನ್ನತೆ, ತಿಳಿಯಾಗುವಿಕೆ, ಒಲವು. ವೀರಶೈವರಿಗೆ ಈ ಶಬ್ದವನ್ನು ವಿವರಿಸಬೇಕಾಗಿಲ್ಲ. ಅಷ್ಟಾವರಣಗಳಲ್ಲಿ ಅದು ಒಂದು. ಷಟ್‌ಸ್ಥಲಗಳಲ್ಲಿ ಮೂರನೆಯದು ಪ್ರಸಾದಿಸ್ಥಲ. ಗುರುವಿನಿಂದ ಬಂದುದು ಶುದ್ಧಪ್ರಸಾದ, ಲಿಂಗದಿಂದ ಬಂದುದು ಸಿದ್ಧಪ್ರಸಾದ, ಜಂಗಮದಿಂದ ಬಂದುದು ಪ್ರಸಿದ್ಧಪ್ರಸಾದ ಎಂಬ ವಿಂಗಡಣೆಯನ್ನು ಶಾಸ್ತ್ರಗ್ರಂಥಗಳು ಮಾಡಿವೆ. ಹೀಗೆ ಅರ್ಥಭಾರದಿಂದ ಬಾಗಿದ ಶಬ್ದವನ್ನು ಬೇರೊಂದು ಮತವು ತನ್ನ ಹೃದಯಸ್ಥಾನದಲ್ಲಿ ಇರಿಸಿಕೊಂಡಾಗ, ಹಳೆಯ ಅರ್ಥದಲ್ಲಿ ಎಷ್ಟು ಉಳಿಯಿತು, ಹೊಸತಾಗಿ ಏನು ಬಂದು ಸೇರಿತು ಎಂಬುದು ಭಕ್ತರಿಗೂ ಸಾಹಿತ್ಯದ ವಿದ್ಯಾರ್ಥಿಗಳಿಗೂ ವಿಚಾರಯೋಗ್ಯವಾದ ಪ್ರಶ್ನೆ.

ಈ ವಿಚಾರಕ್ಕೆ ಹಾಸನ ಜಿಲ್ಲೆಯ ಅರಸೀಕೆರೆ, ಬೇಲೂರು, ಹಳೇಬೀಡುಗಳ ಸೀಮೆ ತಕ್ಕ ಭೂಮಿಕೆಯನ್ನು ಒದಗಿಸುತ್ತದೆ. ಹೊಯ್ಸಳರ ದೋರಸಮುದ್ರವೇ ಇಂದಿನ ಹಳೇಬೀಡು. ಕವಿ ಹರಿಹರನು ಅಲ್ಲಿ ಕರಣಿಕನಾಗಿದ್ದು ಆ ಕೆಲಸವನ್ನು ತೊರೆದು ಹಂಪೆಗೆ ಹೋದನೆಂದು ಸಂಪ್ರದಾಯ ಹೇಳುತ್ತದೆ; 'ದೀಕ್ಷಾಬೋಧೆ'ಯ ಕರ್ತೃ ಕೆರೆಯ ಪದ್ಮರಸನ ಹೆಸರು ಬೇಲೂರಿನ ಕೆರೆಯೊಂದಿಗೆ ಹೆಣೆದುಕೊಂಡಿದೆ. ಶೈವ, ವೈಷ್ಣವ, ಜೈನ ಆಲಯಗಳು ಒಂದರ ಮಗ್ಗುಲಲ್ಲಿ ಒಂದು ನಿಂತ ಈ ಪ್ರದೇಶಕ್ಕೆ ಕ್ರೈಸ್ತ ಮತವು ತಡವಾಗಿ ಬಂದಿತು. ಶ್ರೀರಂಗಪಟ್ಟಣ 1799ರಲ್ಲಿ ಬಿದ್ದ ತರುವಾಯ ಮೈಸೂರು ಸೀಮೆಗೆ ಬಂದ ಫ್ರೆಂಚ್ ಪಾದ್ರಿ ಅಬೆ ದುಬೊಯ್, ಚದುರಿಹೋಗಿದ್ದ ಕ್ರೈಸ್ತ ಕುಟುಂಬಗಳನ್ನು ಕೂಡಿಸಿ, ಹಾಸನದ ಬಳಿಯ ಸಾತಹಳ್ಳಿಯಲ್ಲಿ ಅವರನ್ನು ಬೇಸಾಯಕ್ಕೆ ನೆಲೆಗೊಳಿಸಿದರು. ಸಿಡುಬಿಗೆ ಚುಚ್ಚುಮದ್ದು ಹಾಕಿಸುವ ಕಾರ್ಯದಲ್ಲಿಯೂ ಅವರು ಮುಂದಾಗಿದ್ದರು. ಈ ದೇಶದ ಉಡುಗೆ ತೊಡುಗೆ, ಆಹಾರ ನಿಯಮಗಳನ್ನು ಅಂಗೀಕರಿಸಿ ಬಾಳಿದ ಅವರು 1823ರಲ್ಲಿ ಸ್ವದೇಶಕ್ಕೆ ಮರಳಿದರು. ಹಿಂದೂಗಳ ಆಚಾರ ವ್ಯವಹಾರಗಳನ್ನು ಕುರಿತ ಅವರ ಗ್ರಂಥವು ಪ್ರಸಿದ್ಧವಾದುದು, ಅನೇಕ ಕಡೆ ಏಕಪಕ್ಷೀಯವೂ ಆದುದು. ಮುಂದೆ ಮೈಸೂರು ಧರ್ಮಪ್ರಾಂತ್ಯವನ್ನು ವಿಭಾಗಿಸಿ 1963ರಲ್ಲಿ ಚಿಕ್ಕಮಗಳೂರು ಧರ್ಮಪ್ರಾಂತ್ಯವನ್ನು ರಚಿಸಲಾಯಿತು. ಹಾಸನ ಜಿಲ್ಲೆ ಅದರ ವ್ಯಾಪ್ತಿಗೆ ಸೇರಿದೆ. ಇಲ್ಲಿನ ಕಥೋಲಿಕರಲ್ಲಿ ಕನ್ನಡ ಮನೆಮಾತಿನವರಿದ್ದಾರೆ, ಕಾಫಿ ತೋಟಗಳ ಕಾಲದಲ್ಲಿ ಬಂದ ಕೊಂಕಣಿಯವರಿದ್ದಾರೆ, ತಮಿಳರೂ ಇದ್ದಾರೆ. ಇವರೆಲ್ಲರನ್ನೂ ಭಾನುವಾರದಂದು ಒಂದೆಡೆಗೆ ತರುವುದು ಪರಮಪ್ರಸಾದದ ಪೂಜೆ.

ಆ ಪೂಜೆಗೆ 'ಬಲಿಪೂಜೆ'ಯೆಂದು ಹೆಸರು. ಮೊದಲ ಭಾಗದಲ್ಲಿ ಪಾಪಸ್ಮರಣೆ, ಬೈಬಲಿನ ಪಠಣ, ಗುರುಗಳ ಪ್ರವಚನ, ಸರ್ವರ ಹಿತಕ್ಕಾಗಿ ಬಿನ್ನಹಗಳು ನಡೆಯುವುವು. ಎರಡನೆಯ ಭಾಗದಲ್ಲಿ ಗೋಧಿಯ ತೆಳುವಾದ ಬಿಲ್ಲೆಗಳನ್ನೂ ತುಸು ನೀರು ಬೆರೆಸಿದ ದ್ರಾಕ್ಷಾರಸವನ್ನೂ ಪೀಠದ ಮೇಲಿರಿಸಿ, ಗುರುಗಳು ದೀರ್ಘವಾದ ಕೃತಜ್ಞತಾಪ್ರಾರ್ಥನೆಯನ್ನು ಸಲ್ಲಿಸುತ್ತಾರೆ. ಅದರ ನಡುವೆ ಯೇಸುಸ್ವಾಮಿಯು ತನ್ನ ಕಡೆಯ ರಾತ್ರಿ ಆಡಿದ ಮಾತುಗಳನ್ನು ಉಚ್ಚರಿಸಿ ಎರಡನ್ನೂ ಒಂದಾದಮೇಲೊಂದರಂತೆ ಎತ್ತಿ ತೋರಿಸುತ್ತಾರೆ. ಸಭೆ ಮೊಣಕಾಲೂರಿ ಮೌನವಾಗಿರುತ್ತದೆ. ಬಳಿಕ ಯೇಸು ಕಲಿಸಿದ ಪ್ರಾರ್ಥನೆಯಾಗಿ, ಪರಸ್ಪರ ಶಾಂತಿಯನ್ನು ಕೋರಿ, ಭಕ್ತರು ಸಾಲಾಗಿ ಬಂದು ಪ್ರಸಾದವನ್ನು ಸ್ವೀಕರಿಸುತ್ತಾರೆ. ಕೊಡುವವರು ಇದು ಕ್ರಿಸ್ತನ ದೇಹವೆಂದು ತಿಳಿಸಿದಾಗ ಪಡೆಯುವವರು 'ಆಮೆನ್' ಎನ್ನುವರು. ಹಾಗೆಯೇ ಸರಿ, ಇದನ್ನು ನಂಬುತ್ತೇನೆ ಎಂದು ಅದರ ಭಾವ. ಇಡೀ ಆಚರಣೆಯ ಕೀಲು ಈ ಒಂದು ಶಬ್ದದಲ್ಲಿದೆ.

ಇದರ ಮೂಲ ಯೆಹೂದ್ಯರ ಪಾಸ್ಕ ಹಬ್ಬದ ಹಿನ್ನೆಲೆಯಲ್ಲಿದೆ. ಈಜಿಪ್ಟಿನ ದಾಸ್ಯದಿಂದ ಬಿಡುಗಡೆಯಾದ ರಾತ್ರಿಯ ನೆನಪಿಗಾಗಿ ಯೆಹೂದ್ಯರು ಕುರಿಮರಿಯ ಊಟವನ್ನೂ ಹುಳಿಯಿಲ್ಲದ ರೊಟ್ಟಿಯನ್ನೂ ಮಾಡುತ್ತಿದ್ದರು. ಆ ಹಬ್ಬದ ಸಮಯದಲ್ಲಿ, ಶಿಲುಬೆಗೇರಿಸಲ್ಪಡುವ ಮುನ್ನಾದಿನ, ಯೇಸು ಹನ್ನೆರಡು ಮಂದಿ ಶಿಷ್ಯರೊಡನೆ ಊಟಕ್ಕೆ ಕುಳಿತು, ರೊಟ್ಟಿಯನ್ನು ಮುರಿದು ತನ್ನ ದೇಹವೆಂದೂ ಪಾತ್ರೆಯ ರಸವನ್ನು ತನ್ನ ರಕ್ತವೆಂದೂ ಹೇಳಿ ಕೊಟ್ಟು, ತನ್ನ ನೆನಪಿಗಾಗಿ ಇದನ್ನು ಮಾಡುವಂತೆ ವಿಧಿಸಿದನು. ಈ ಪ್ರಸಂಗದ ಅತಿ ಪ್ರಾಚೀನ ಲಿಖಿತ ದಾಖಲೆ ಸಂತ ಪೌಲನು ಸುಮಾರು ಕ್ರಿ.ಶ. 55ರಲ್ಲಿ ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರದಲ್ಲಿ ಸಿಕ್ಕುತ್ತದೆ. 'ನೆನಪು' ಎಂಬ ಮಾತನ್ನು ಇಲ್ಲಿ ಎಚ್ಚರದಿಂದ ಗ್ರಹಿಸಬೇಕು. ಯೆಹೂದ್ಯರ ಪರಂಪರೆಯಲ್ಲಿ ಹಬ್ಬದ ನೆನಪೆಂದರೆ ಕಳೆದುಹೋದುದನ್ನು ಮನಸ್ಸಿನಲ್ಲಿ ತಂದುಕೊಳ್ಳುವುದಷ್ಟೇ ಆಗಿರಲಿಲ್ಲ; ಅಂದಿನ ಬಿಡುಗಡೆಯಲ್ಲಿ ಇಂದಿನವರೂ ಪಾಲುಗಾರರಾಗುವುದಾಗಿತ್ತು.

ಹಾಗಾದರೆ ಗೋಧಿಯ ಬಿಲ್ಲೆ ಕ್ರಿಸ್ತನ ದೇಹವಾಗುವುದು ಹೇಗೆ? ಕಣ್ಣಿಗೆ ಅದೇ ಬಣ್ಣ, ನಾಲಗೆಗೆ ಅದೇ ರುಚಿ. 1215ರಲ್ಲಿ ರೋಮಿನಲ್ಲಿ ನೆರೆದ ನಾಲ್ಕನೆಯ ಲ್ಯಾಟರನ್ ಮಹಾಸಭೆ ಇದನ್ನು ವಸ್ತುಸತ್ತ್ವದ ಪರಿವರ್ತನೆಯೆಂಬ ಪದದಿಂದ ಸೂಚಿಸಿತು. ಅದೇ ಶತಮಾನದ ಥಾಮಸ್ ಅಕ್ವಿನಾಸನು ಅರಿಸ್ಟಾಟಲನ ಪರಿಭಾಷೆಯಲ್ಲಿ ಅದನ್ನು ವಿಸ್ತರಿಸಿದನು: ಬಣ್ಣ, ರುಚಿ, ಆಕಾರ, ತೂಕ ಮೊದಲಾದ ಗುಣಗಳು ಇದ್ದಂತೆಯೇ ಇರುತ್ತವೆ, ಅವುಗಳ ಒಳಗಿನ 'ಇದು ಏನು' ಎಂಬ ಸತ್ತ್ವ ಮಾತ್ರ ಬೇರೆಯಾಗುತ್ತದೆ. ಲೂಥರ್, ಜ್ವಿಂಗ್ಲಿ ಮೊದಲಾದ ಸುಧಾರಕರು ಈ ವಿವರಣೆಯನ್ನು ತಳ್ಳಿಹಾಕಿದಾಗ ಟ್ರೆಂಟಿನ ಮಹಾಸಭೆ 1551ರಲ್ಲಿ ಅದನ್ನೇ ದೃಢೀಕರಿಸಿತು. ತರ್ಕದ ಪರಿಭಾಷೆ ಕಠಿನವಾಗಿ ಕಾಣಬಹುದು, ಆದರೆ ಅದರ ಹಿಂದಿನ ಅನುಭವವು ಈ ನಾಡಿನವರಿಗೆ ಹೊಸದಲ್ಲ. ಕಲ್ಲಿನಿಂದಾದ ಲಿಂಗವು ಶ್ರೀಗುರುವಿನ ಕರದಲ್ಲಿ ಚಿತ್ಕಳೆಯನ್ನು ಪಡೆದು ಶಿಷ್ಯನ ಅಂಗೈಗೆ ಬಂದಮೇಲೆ ಅದನ್ನು ಕಲ್ಲೆಂದು ಕಾಣುವ ಭಕ್ತನಿಲ್ಲ. ಹೋಲಿಕೆಯನ್ನು ಇಲ್ಲಿಗೇ ನಿಲ್ಲಿಸುವುದು ಲೇಸು. ಇಷ್ಟಲಿಂಗವು ಪೂಜೆಗೊಳ್ಳುವ ವಸ್ತು, ಭಕ್ತನ ಅಂಗದ ಮೇಲೆ ಜೀವಿತದ ಕಡೆಯವರೆಗೂ ಇರುವಂಥದು. ಪರಮಪ್ರಸಾದವು ತಿನ್ನಲ್ಪಡುವುದಕ್ಕಾಗಿಯೇ ಇರುವಂಥದು.

ಕನ್ನಡ ಓದುಗನನ್ನು ಇದಕ್ಕಿಂತ ಹೆಚ್ಚಾಗಿ ತಡೆಯುವುದು 'ಬಲಿ' ಎಂಬ ಶಬ್ದ. ಬಲಿಪಶುವಿಗಾಗಿ ಬಸವಣ್ಣನವರು ಮರುಗಿದ ವಚನವನ್ನು ಬಲ್ಲವರಿಗೆ ಪೂಜೆಯೊಡನೆ ಬಲಿ ಸೇರಿದುದು ಸರಿತೋರದು. ಆದರೆ ಕ್ರೈಸ್ತರ ವಿವರಣೆಯ ಪ್ರಕಾರ ಇದು ಪಶುಬಲಿಯ ಮುಂದುವರಿಕೆಯಾಗಿರದೆ ಅದರ ಮುಕ್ತಾಯವಾಗಿದೆ. ಜೆರೂಸಲೇಮಿನ ಗುಡಿಯಲ್ಲಿ ಮನುಷ್ಯನು ದೇವರಿಗೆ ಪ್ರಾಣಿಗಳನ್ನು ಅರ್ಪಿಸುತ್ತಿದ್ದನು. ಕ್ರಿಸ್ತನಾದರೋ ಅನ್ಯರ ಪ್ರಾಣವನ್ನು ಕೊಡದೆ ತನ್ನನ್ನೇ ಕೊಟ್ಟುಕೊಂಡನು. ಅರ್ಪಿಸಿದವನೂ ಅರ್ಪಿತವಾದುದೂ ಒಂದೇ ಆಯಿತು. ಒಮ್ಮೆ ಆದ ಅರ್ಪಣೆ ಮತ್ತೆ ಆಗಬೇಕಾಗಿಲ್ಲ. ಪೀಠದ ಮೇಲೆ ಪ್ರತಿದಿನ ನಡೆಯುವುದು ಹೊಸ ಬಲಿಯಲ್ಲ, ಆ ಒಂದೇ ಬಲಿಯು ರಕ್ತವಿಲ್ಲದೆ ಇಲ್ಲಿ ಸನ್ನಿಹಿತವಾಗುವ ಬಗೆ ಎಂದು ಟ್ರೆಂಟಿನ ಮಹಾಸಭೆ 1562ರಲ್ಲಿ ನಿರೂಪಿಸಿತು. ಭಕ್ತನು ಅಲ್ಲಿಗೆ ತನ್ನ ದುಡಿಮೆಯನ್ನೂ ದುಃಖವನ್ನೂ ತರುತ್ತಾನೆ. ಪ್ರಸಾದದ ಸಾಮಾನ್ಯ ಕ್ರಮದಲ್ಲಿ ಭಕ್ತನು ಅರ್ಪಿಸಿದ ಪದಾರ್ಥವೇ ದೇವರ ಒಲವನ್ನು ಹೊತ್ತು ಅವನಿಗೆ ಮರಳುತ್ತದೆ. ಪರಮಪ್ರಸಾದದಲ್ಲಿ ಮರಳುವುದು ಕೊಟ್ಟುದಕ್ಕಿಂತ ಬೇರೆ. ಹೋದುದು ರೊಟ್ಟಿ, ಬಂದುದು ದೇವರು. 'ಪರಮ'ವೆಂಬ ವಿಶೇಷಣವು ಹೊರಬೇಕಾದ ಭಾರ ಇಷ್ಟು.

ಈ ರೊಟ್ಟಿಯ ವಿಷಯದಲ್ಲಿ ಒಂದು ಮಾತು ಹೇಳದೆ ಮುಂದುವರಿಯಲಾಗದು. ಅರಸೀಕೆರೆಯ ಸೀಮೆ ರಾಗಿ ಮತ್ತು ತೆಂಗಿನ ನಾಡು. ಗೋಧಿ ಇಲ್ಲಿನ ಒಕ್ಕಲಿನ ಮನೆಯ ನಿತ್ಯದ ಅನ್ನವಲ್ಲ. ದ್ರಾಕ್ಷಾರಸವಂತೂ ದೂರದ ಮಾತು. ಆದರೂ ಧರ್ಮಸಭೆಯ ಕಟ್ಟಳೆಯ ಮೇರೆಗೆ ರೊಟ್ಟಿ ಬರಿಯ ಗೋಧಿಯದೇ ಆಗಿರಬೇಕು, ರಸವು ದ್ರಾಕ್ಷಿಯಿಂದಲೇ ಬಂದಿರಬೇಕು. 1983ರ ಧರ್ಮಸಂಹಿತೆ ಇದನ್ನು ವಿಧಿಸಿದೆ. ಗೋಧಿಯ ಅಂಟನ್ನು ಪೂರ್ತಿಯಾಗಿ ತೆಗೆದ ಬಿಲ್ಲೆಯೂ ಸಲ್ಲದೆಂದು 2017ರಲ್ಲಿ ರೋಮ್ ಮತ್ತೆ ತಿಳಿಸಿತು. ರಾಗಿಯ ಮುದ್ದೆಯುಣ್ಣುವವನು ದೇವರ ಊಟಕ್ಕೆ ಮಾತ್ರ ಪರದೇಶದ ಧಾನ್ಯವನ್ನೇಕೆ ಬಳಸಬೇಕು ಎಂಬ ಪ್ರಶ್ನೆ ಸಹಜವಾದುದು, ಆಫ್ರಿಕ ಏಷ್ಯಾಗಳ ಕ್ರೈಸ್ತ ಚಿಂತಕರು ಕೇಳಿರುವುದೂ ಹೌದು. ಒಬ್ಬ ನಿರ್ದಿಷ್ಟ ವ್ಯಕ್ತಿ ಒಂದು ನಿರ್ದಿಷ್ಟ ರಾತ್ರಿ ಕೈಗೆತ್ತಿಕೊಂಡ ವಸ್ತುವಿಗೆ ನಿಷ್ಠವಾಗಿರುವುದೇ ಸ್ಮರಣೆಯ ಸತ್ಯವೆಂಬುದು ಧರ್ಮಸಭೆಯ ಉತ್ತರ. ಉತ್ತರದಲ್ಲಿ ತರ್ಕವುಂಟು, ಆದರೂ ಪ್ರಶ್ನೆ ಮುಗಿದಿದೆಯೆನ್ನಲಾಗದು. ಭಾಷೆಯಲ್ಲಿ 'ಪ್ರಸಾದ'ವನ್ನು ಕೊಟ್ಟ ನಾಡು ಧಾನ್ಯವನ್ನು ಮಾತ್ರ ಕೊಡಲಾರದೆ ನಿಂತಿದೆ.

ಭಾಷೆಯ ಈ ಪ್ರವೇಶವೂ ಪೂಜೆಯ ಒಳಮನೆಗೆ ತಡವಾಗಿಯೇ ಆಯಿತು. ಹಾಡು, ಜಪ, ಧರ್ಮೋಪದೇಶಗಳು ಕನ್ನಡದಲ್ಲಿ ನಡೆಯುತ್ತಿದ್ದರೂ ಬಲಿಪೂಜೆಯ ಮಂತ್ರಗಳು 1960ರ ದಶಕದವರೆಗೆ ಲ್ಯಾಟಿನ್ ಭಾಷೆಯಲ್ಲಿದ್ದುವು. ದ್ವಿತೀಯ ವ್ಯಾಟಿಕನ್ ಮಹಾಸಭೆ 1963ರ ಡಿಸೆಂಬರ್ 4ರಂದು ಆರಾಧನೆಯನ್ನು ಕುರಿತ ತನ್ನ ಸಂವಿಧಾನವನ್ನು ಅಂಗೀಕರಿಸಿ ದೇಶಭಾಷೆಗಳಿಗೆ ಬಾಗಿಲು ತೆರೆಯಿತು. ಮರುವರ್ಷವೇ ಮುಂಬಯಿಯಲ್ಲಿ ಪರಮಪ್ರಸಾದದ ಅಂತರರಾಷ್ಟ್ರೀಯ ಸಮ್ಮೇಳನ ನೆರೆದು, ಆರನೆಯ ಪೌಲ್ ಜಗದ್ಗುರುಗಳು ಅದಕ್ಕೆ ಆಗಮಿಸಿದರು. 1967ರಲ್ಲಿ ಬೆಂಗಳೂರಿನಲ್ಲಿ ರಾಷ್ಟ್ರೀಯ ಧರ್ಮೋಪದೇಶ ಮತ್ತು ಆರಾಧನಾ ಕೇಂದ್ರ ಸ್ಥಾಪಿತವಾಯಿತು. ಅದರ ಸ್ಥಾಪಕ ನಿರ್ದೇಶಕರು ಫಾದರ್ ಡಿ. ಎಸ್. ಅಮಲೋರ್ಪವದಾಸ್. ಭಾರತದ ಧರ್ಮಾಧ್ಯಕ್ಷರು ಕೇಳಿದ ಹನ್ನೆರಡು ಮಾರ್ಪಾಡುಗಳಿಗೆ 1969ರಲ್ಲಿ ರೋಮಿನ ಒಪ್ಪಿಗೆ ದೊರೆಯಿತು. ಪಾದರಕ್ಷೆಯಿಲ್ಲದೆ ನೆಲದ ಮೇಲೆ ಕುಳಿತು ಪೂಜಿಸುವುದು, ಮೊಣಕಾಲೂರುವ ಬದಲು ಕೈಮುಗಿದು ಬಾಗುವುದು, ಪಂಚಾಂಗ ಪ್ರಣಾಮ, ಮೇಣದ ಬತ್ತಿಯ ಎಡೆಯಲ್ಲಿ ಎಣ್ಣೆಯ ದೀಪ, ಪೂಜಾವಸ್ತ್ರಕ್ಕೆ ಬದಲು ಅಂಗವಸ್ತ್ರ, ಪುಷ್ಪ ಧೂಪ ದೀಪಗಳ ಆರತಿ ಮೊದಲಾದುವು ಅವುಗಳಲ್ಲಿ ಸೇರಿದ್ದುವು. ಇವುಗಳನ್ನು ಎಲ್ಲ ಕಥೋಲಿಕರೂ ಸ್ವಾಗತಿಸಲಿಲ್ಲ. ತಲೆಮಾರುಗಳಿಂದ ರೂಢಿಯಾದುದನ್ನು ಬಿಡಲೊಲ್ಲದವರು ಇದನ್ನು ಹಿಂದೂಕರಣವೆಂದು ದೂರಿದರು. ಹಿಂದೂಗಳಲ್ಲಿ ಕೆಲವರು ಇದು ಮತಾಂತರದ ಹೊಸ ವೇಷವಿರಬಹುದೆಂದು ಶಂಕಿಸಿದರು. ಇಂದು ಹೆಚ್ಚಿನ ದೇವಾಲಯಗಳಲ್ಲಿ ಕಾಣುವುದು ಒಂದು ಮಿಶ್ರಕ್ರಮ: ಕನ್ನಡದ ಮಂತ್ರ, ಹಬ್ಬದಂದು ಆರತಿ, ಉಳಿದುದೆಲ್ಲ ರೋಮಿನ ವಿಧಾನ.

ಪೂಜೆ ಮುಗಿದ ಮೇಲೆ ಉಳಿದ ಪರಮಪ್ರಸಾದವನ್ನು ಬೀಗವಿರುವ ಪೆಟ್ಟಿಗೆಯಲ್ಲಿಟ್ಟು ಹತ್ತಿರದಲ್ಲಿ ದೀಪವೊಂದನ್ನು ಹಗಲಿರುಳೂ ಉರಿಸುವರು. ಹಾಸಿಗೆ ಹಿಡಿದವರಿಗೂ ಮರಣಾಸನ್ನರಿಗೂ ಅದನ್ನು ಮನೆಗೆ ಒಯ್ಯುವುದು ಗುರುಗಳ ಕರ್ತವ್ಯ. ಸಾಯುವವನಿಗೆ ಕೊಡುವ ಪ್ರಸಾದಕ್ಕೆ ಲ್ಯಾಟಿನ್ನಿನಲ್ಲಿ ದಾರಿಯ ಬುತ್ತಿ ಎಂಬರ್ಥದ ಹೆಸರಿದೆ. ಒಂದು ತುಣುಕೂ ನೆಲಕ್ಕೆ ಬೀಳದಂತೆ ನೋಡಿಕೊಳ್ಳುವ ಅವರ ಎಚ್ಚರವು ಪ್ರಸಾದವನ್ನು ಬಿಸುಡಲಾಗದೆಂಬ ಶರಣರ ನಿಷ್ಠೆಯನ್ನು ನೆನಪಿಗೆ ತರುತ್ತದೆ. ಸ್ವೀಕರಿಸುವವನು ಒಂದು ಗಂಟೆ ಮೊದಲಿನಿಂದ ಉಪವಾಸವಿರಬೇಕು. ಹಿಂದೆ ಇದು ನಡುರಾತ್ರಿಯಿಂದಲೇ ಇತ್ತು. ಘೋರವಾದ ಪಾಪದ ಅರಿವಿದ್ದರೆ ಮೊದಲು ಪಾಪನಿವೇದನೆಯಾಗಬೇಕು. ಇಂಥ ಭಯಭಕ್ತಿಗಳ ಕಾರಣದಿಂದ ಮಧ್ಯಯುಗದ ಜನರು ಪ್ರಸಾದವನ್ನು ದೂರದಿಂದ ನೋಡಿ ಕೈಮುಗಿಯುವುದರಲ್ಲಿಯೇ ತೃಪ್ತರಾಗಿ, ವರ್ಷಕ್ಕೊಮ್ಮೆಯಾದರೂ ಸ್ವೀಕರಿಸಿರೆಂದು ಲ್ಯಾಟರನ್ ಮಹಾಸಭೆ ಅಪ್ಪಣೆ ಮಾಡಬೇಕಾಯಿತು. ಹತ್ತನೆಯ ಪಿಯುಸ್ ಜಗದ್ಗುರುಗಳು 1905ರಲ್ಲಿ ಅದನ್ನು ಪದೇ ಪದೇ, ಸಾಧ್ಯವಾದರೆ ದಿನವೂ, ಸ್ವೀಕರಿಸಲು ಪ್ರೋತ್ಸಾಹಿಸಿದರು. 1910ರಲ್ಲಿ ಏಳು ವರ್ಷದ ಸುಮಾರಿನ ಮಕ್ಕಳಿಗೂ ಅವಕಾಶವಿತ್ತರು. ಊರ ಚರ್ಚಿನಲ್ಲಿ ಬಿಳಿಯ ಉಡುಪಿನ ಮಕ್ಕಳು ಮೊದಲ ಪರಮಪ್ರಸಾದಕ್ಕೆ ಸಾಲುನಿಲ್ಲುವ ಸಂಭ್ರಮವು ಆ ತೀರ್ಪಿನ ಫಲ.

ಆದರೆ ಆ ಸಾಲು ಎಲ್ಲರಿಗೂ ತೆರೆದುದಲ್ಲ. ನೆರೆಯವರ ಮದುವೆಗೋ ಶವಸಂಸ್ಕಾರಕ್ಕೋ ಚರ್ಚಿಗೆ ಹೋದ ಅನ್ಯಮತೀಯನಿಗೆ ಅಲ್ಲಿ ಕುಳಿತುಕೊಳ್ಳಲು ಆದರವುಂಟು, ಪ್ರಸಾದವಿಲ್ಲ. ಬೇಲೂರಿನ ಚೆನ್ನಿಗನ ಗುಡಿಯಲ್ಲಿ ತೀರ್ಥ ಪ್ರಸಾದಗಳಿಗೆ ಕೈಯೊಡ್ಡಿ, ಮಠದ ದಾಸೋಹದಲ್ಲಿ ಯಾರ ಮಗ್ಗುಲಲ್ಲಿಯಾದರೂ ಕುಳಿತು ಉಂಡು ಅಭ್ಯಾಸವಾದ ಜನಕ್ಕೆ ಇದು ನಿಷ್ಠುರವೆನಿಸಿದರೆ ಆಶ್ಚರ್ಯವಿಲ್ಲ. 'ಪ್ರಸಾದ'ವೆಂಬ ಹೆಸರೇ ಈ ತೊಡಕಿಗೆ ಒಂದು ಕಾರಣ. ಹೆಸರು ಕರೆಯುತ್ತದೆ, ವಿಧಿ ತಡೆಯುತ್ತದೆ. ಇದನ್ನು ತಿರಸ್ಕಾರವೆಂದು ತಿಳಿಯಬಾರದು. ಸ್ವೀಕರಿಸುವವನು ನುಡಿಯುವ 'ಆಮೆನ್' ಒಂದು ಪ್ರತಿಜ್ಞೆ: ಇದು ಕ್ರಿಸ್ತನೇ ಸರಿ, ಈ ಸಮುದಾಯ ನನ್ನದೇ ಸರಿ ಎಂದು. ಆ ನಂಬಿಕೆಯಿಲ್ಲದವನಿಂದ ಆ ಮಾತನ್ನು ಆಡಿಸುವುದು ಅತಿಥಿಗೂ ಸಲ್ಲದು, ಆಚರಣೆಗೂ ಸಲ್ಲದು. ದೀಕ್ಷೆಯಿಲ್ಲದವನಿಗೆ ಲಿಂಗಧಾರಣೆ ಹೇಗಿಲ್ಲವೋ ಹಾಗೆ, ಜ್ಞಾನಸ್ನಾನವಿಲ್ಲದವನಿಗೆ ಪರಮಪ್ರಸಾದವಿಲ್ಲ. ಅಂದಮೇಲೆ ಕಥೋಲಿಕರ ಪರಮಪ್ರಸಾದಕ್ಕೆ ಸರಿಯಾದ ಹೋಲಿಕೆಯನ್ನು ಗುಡಿಯ ಬಾಗಿಲಲ್ಲಿ ಹಂಚುವ ಪ್ರಸಾದದಲ್ಲಿ ಅರಸದೆ, ದೀಕ್ಷಾವಂತನ ಅಂತರಂಗದ ಆಚರಣೆಗಳಲ್ಲಿ ಅರಸಬೇಕೆಂದು ತೋರುತ್ತದೆ.

ಸಾಲಿನ ಒಳಗಿರುವವರಲ್ಲಿ ಭೇದವಿದೆಯೇ ಎಂಬುದು ಬೇರೆಯೇ ಪ್ರಶ್ನೆ, ಮತ್ತು ಹೆಚ್ಚು ತೀಕ್ಷ್ಣವಾದುದು. ಪೌಲನು ಕೊರಿಂಥದವರಿಗೆ ಪತ್ರ ಬರೆಯುವ ಪ್ರಸಂಗ ಬಂದುದಕ್ಕೆ ಅದೂ ಒಂದು ಕಾರಣ. ಉಳ್ಳವರು ಮೊದಲೇ ಬಂದು ಉಂಡು ಕುಡಿದು ತೃಪ್ತರಾಗುತ್ತಿದ್ದರು. ದುಡಿದು ತಡವಾಗಿ ಬಂದ ಬಡವರು ಹಸಿದಿರುತ್ತಿದ್ದರು. ಇಂಥ ಊಟವು ಸ್ವಾಮಿಯ ಊಟವೇ ಅಲ್ಲವೆಂದು ಪೌಲನು ಖಂಡಿಸಿದನು. ಸುಮಾರು 155ರಲ್ಲಿ ರೋಮಿನಲ್ಲಿ ಬರೆದ ಜಸ್ಟಿನನು, ಭಾನುವಾರದ ಪೂಜೆಯನ್ನು ವರ್ಣಿಸುವಾಗಲೇ, ಬಾರದವರಿಗೆ ಪ್ರಸಾದವನ್ನು ಕಳಿಸುತ್ತಿದ್ದುದನ್ನೂ, ಕೂಡಿದ ಹಣವನ್ನು ಅನಾಥರು, ವಿಧವೆಯರು, ರೋಗಿಗಳು, ಸೆರೆಯಾಳುಗಳಿಗಾಗಿ ವೆಚ್ಚಮಾಡುತ್ತಿದ್ದುದನ್ನೂ ಸೇರಿಸಿ ಹೇಳಿದ್ದಾನೆ. ಈ ಪರಂಪರೆ ದಕ್ಷಿಣ ಭಾರತಕ್ಕೆ ಬಂದಾಗ ಜಾತಿಯ ಗೋಡೆಗೆ ಮುಖಾಮುಖಿಯಾಯಿತು. ದುಬೊಯ್ ಅವರ ಕಾಲದ ಮಿಷನರಿಗಳು ಮತಾಂತರಗೊಂಡವರ ಜಾತಿಪದ್ಧತಿಯನ್ನು ಬಹಳಮಟ್ಟಿಗೆ ಹಾಗೆಯೇ ಬಿಟ್ಟರು. ತಮಿಳುನಾಡಿನ ಕೆಲವು ಚರ್ಚುಗಳಲ್ಲಿ ಜಾತಿಗೊಂದು ಕುಳಿತುಕೊಳ್ಳುವ ಸ್ಥಳವಿದ್ದಿತು. ಒಂದೇ ರೊಟ್ಟಿಯನ್ನು ಮುರಿದು ಕೊಟ್ಟಾಗ ಒಂದೇ ದೇಹವಾಗುತ್ತಾರೆಂದು ಸಾರುವ ಪೂಜೆಯಲ್ಲಿ ಇದಕ್ಕಿಂತ ದೊಡ್ಡ ವೈರುಧ್ಯವನ್ನು ಊಹಿಸುವುದು ಕಷ್ಟ. 'ಶೂನ್ಯಸಂಪಾದನೆ'ಯಲ್ಲಿ ಮರುಳಶಂಕರದೇವರ ಪ್ರಸಂಗವಿದೆ. ಕಲ್ಯಾಣದ ಮಹಾಮನೆಯ ಪ್ರಸಾದಕುಂಡದಲ್ಲಿ ಹನ್ನೆರಡು ವರ್ಷ ಯಾರ ಕಣ್ಣಿಗೂ ಬೀಳದೆ ಇದ್ದ ಆ ಮಹಾಪ್ರಸಾದಿಯನ್ನು ಗುರುತಿಸಲು ಅಲ್ಲಮಪ್ರಭುವೇ ಬರಬೇಕಾಯಿತು. ಪ್ರಸಾದವನ್ನು ಬಲ್ಲೆವೆನ್ನುವವರು ಪ್ರಸಾದಿಯನ್ನು ಕಾಣದೆ ಹೋಗುವ ಅಪಾಯ ಕಲ್ಯಾಣದಲ್ಲಿಯೂ ಇತ್ತು, ಕೊರಿಂಥದಲ್ಲಿಯೂ ಇತ್ತು.

ಪರಮಪ್ರಸಾದಕ್ಕೂ ಕಟ್ಟಡಕ್ಕೂ ಇರುವ ಸಂಬಂಧವನ್ನು ಹಾಸನ ಜಿಲ್ಲೆಯಲ್ಲಿಯೇ ಕಣ್ಣಾರೆ ಕಾಣಬಹುದು. ಬೇಲೂರಿನಲ್ಲಿ 1117ರಲ್ಲಿ ವಿಷ್ಣುವರ್ಧನನು ಪ್ರತಿಷ್ಠಾಪಿಸಿದ ಚೆನ್ನಕೇಶವನಿಗೆ ಇಂದಿಗೂ ನಿತ್ಯಪೂಜೆ ನಡೆಯುತ್ತದೆ. ಹಳೇಬೀಡಿಗೆ ಬರುವವರು ಬಹುಮಟ್ಟಿಗೆ ಶಿಲ್ಪವನ್ನು ನೋಡಲು ಬರುವವರು. 2023ರಲ್ಲಿ ಎರಡೂ ಸ್ಥಳಗಳು, ಸೋಮನಾಥಪುರದೊಂದಿಗೆ, ವಿಶ್ವಪರಂಪರೆಯ ಪಟ್ಟಿಗೆ ಸೇರಿದುವು. ಇವುಗಳಿಂದ ತುಸು ದೂರದಲ್ಲಿ, ಹೇಮಾವತಿ ನದಿಯ ಬಳಿಯ ಶೆಟ್ಟಿಹಳ್ಳಿಯಲ್ಲಿ, ಫ್ರೆಂಚ್ ಮಿಷನರಿಗಳು 1860ರ ದಶಕದಲ್ಲಿ ಗಾಥಿಕ್ ಶೈಲಿಯ ಜಪಮಾಲೆ ಮಾತೆಯ ಚರ್ಚನ್ನು ಕಟ್ಟಿಸಿದ್ದರು. ಗೊರೂರಿನ ಹೇಮಾವತಿ ಅಣೆಕಟ್ಟಿನ ಹಿನ್ನೀರು ಆ ನೆಲವನ್ನು ಆವರಿಸಿದಾಗ ಜನರು ಊರನ್ನು ಬಿಟ್ಟು ಬೇರೆಡೆ ನೆಲೆಸಿದರು. ಅಣೆಕಟ್ಟಿನ ಕೆಲಸ 1979ರಲ್ಲಿ ಪೂರ್ಣಗೊಂಡಿತು. ಅಂದಿನಿಂದ ಮಳೆಗಾಲ ಬಂದಾಗ ನೀರು ಕಮಾನುಗಳವರೆಗೆ ಏರುತ್ತದೆ, ಬೇಸಗೆಯಲ್ಲಿ ಇಳಿಯುತ್ತದೆ. ಛಾಯಾಚಿತ್ರ ತೆಗೆಯುವವರು ದೂರದೂರುಗಳಿಂದ ಬರುತ್ತಾರೆ. ಮಾಡಿಲ್ಲದ ಗೋಡೆಗಳ ಚೆಲುವು ನಿಜವಾದುದೇ. ಆದರೆ ಕಥೋಲಿಕನ ದೃಷ್ಟಿಯಲ್ಲಿ ಅಲ್ಲಿ ಇಲ್ಲವಾದುದು ಮಾಡಲ್ಲ. ದೇವಾಲಯವೊಂದನ್ನು ತೊರೆಯುವಾಗ ಮೊದಲು ಹೊರತರಬೇಕಾದುದು ಪೆಟ್ಟಿಗೆಯೊಳಗಿನ ಪರಮಪ್ರಸಾದ; ಅದು ಹೊರಟಮೇಲೆ ದೀಪವನ್ನು ಉರಿಸುವುದಿಲ್ಲ, ಒಳಗೆ ಬಂದವರು ಮೊಣಕಾಲೂರುವುದೂ ಇಲ್ಲ. ಶೆಟ್ಟಿಹಳ್ಳಿಯಿಂದ ಹೋದ ಕುಟುಂಬಗಳಿಗೆ ಭಾನುವಾರದ ಬಲಿಪೂಜೆ ಈಗ ಅವರು ನೆಲೆಸಿದ ಊರುಗಳ ಚರ್ಚುಗಳಲ್ಲಿ ನಡೆಯುತ್ತದೆ.